ನೇತ್ರಾವತಿ ಮೇಡಂ ಅವರ ಬಾಡಿಗೆ ಗಂಟಲು

ಸ್ಲೇಟಿನ ಮೇಲೆ ಮೇಡಂ ಬರೆದು ತೋರಿಸಿದ್ದನ್ನು ಓದಿ ರಶ್ಮಿಯ ಜೀವ ಬಾಯಿಗೆ ಬಂತು.

"ಕ್ಯಾಂಟೀನಿನಲ್ಲಿ ನನ್ನ ದನಿ ಮಾಡ್ತೀಯಂತೆ."

ಎಂ.ಎ. ಓದುವ ರಶ್ಮಿ ಕಾಲೇಜಿನ ಅಷ್ಟೂ ಅಧ್ಯಾಪಕರನ್ನು ಗಂಟಲಿನಲ್ಲೇ ಸಾಕಿಕೊಂಡಿದ್ದವಳು. ಅವರಲ್ಲಿ ಇತಿಹಾಸದ ನೇತ್ರಾವತಿ ಮೇಡಂ ಅಂದರೆ ಪಟ್ಟದಾನೆ. ಮೊದಲು ಎರಡು ಕೆಮ್ಮು, ಆಮೇಲೆ ಕನ್ನಡಕ ಏರಿಸುವ ಉಸಿರು, ಪ್ರತಿ ವಾಕ್ಯದ ಬಾಲಕ್ಕೂ ಒಂದು "ಅಂಡರ್‌ಸ್ಟುಡ್ ಆರ್ ನಾಟ್?" ಇದನ್ನು ಮೇಡಂ ಕಿವಿಗೆ ಹಾಕಿದವರು ಯಾರು ಎಂದು ಯೋಚಿಸುವಷ್ಟರಲ್ಲಿ ಮೇಡಂ ಸ್ಲೇಟು ಒರೆಸಿ ಮತ್ತೆ ಬರೆದರು.

"ಇವತ್ತು ಸಂಜೆ ಮಾಡು. ಇಂಗ್ಲೆಂಡಿನವರ ಮುಂದೆ."

ಸಂಗತಿ ಇಷ್ಟು. ಎಂ.ಸಿ.ಸಿ. ಬಿ ಬ್ಲಾಕಿನ ಮೇಡಂ ಮನೆಯಲ್ಲಿ ಅಕ್ಕಿ ಡಬ್ಬಕ್ಕಿಂತ ಹೆಚ್ಚಾಗಿ ಬ್ರಿಟನ್ನಿನ ಇತಿಹಾಸಪೂರ್ವ ಕಲ್ಲುವೃತ್ತಗಳ ಪುಸ್ತಕಗಳಿದ್ದವು. ಮೇಡಂ ವಿಮಾನ ಹತ್ತಿದವರಲ್ಲ, ಆದರೆ ಅಲ್ಲಿನ ಒಂದೊಂದು ನಿಲುಗಲ್ಲಿನ ಕುಲಗೋತ್ರ ಬಲ್ಲವರು. ಯಾವುದೋ ಹಳೆಯ ಉತ್ಖನನ ವರದಿಯ ಚಿತ್ರದಲ್ಲಿ, ಕಲ್ಲು ನೆಡಲು ತೋಡಿದ ಗುಂಡಿಗಳ ತಳದಲ್ಲಿ ಜಿಂಕೆಯ ಕೊಂಬುಗಳು ಕಂಡಿದ್ದವು. ಅಗೆದವರು ಬಿಸಾಡಿ ಹೋದ ಹತಾರ ಎಂದು ವರದಿ ಹೇಳಿತ್ತು. ಮೇಡಂ ಒಪ್ಪಲಿಲ್ಲ. "ನಾವು ಮನಿ ಬಾಗಿಲು ನಿಲ್ಲಿಸೋವಾಗ ಕುಳಿಗೆ ನವಧಾನ್ಯ ಹಾಕಲ್ವಾ? ಅವರು ಕೊಂಬು ಇಟ್ಟಾರೆ" ಎಂಬುದು ಅವರ ವಾದ. ಅಲ್ಲಿನ ಪುರಾತತ್ವ ಸಂಘಕ್ಕೆ ಲೇಖನ ಕಳಿಸಿದರೆ ಮೂರು ಸಲವೂ ಸೌಜನ್ಯದಿಂದಲೇ ವಾಪಸ್ ಬಂದಿತ್ತು. ಈ ಸಲ ಆನ್‌ಲೈನ್ ಉಪನ್ಯಾಸಕ್ಕೆ ಕರೆದಿದ್ದರು. ಮೆಚ್ಚಿದರೆ ಸಂಘದ ವಾರ್ಷಿಕ ಸಂಪುಟದಲ್ಲಿ ಅಚ್ಚು, ಇಲ್ಲವಾದರೆ ಕೊಂಬೂ ಇಲ್ಲ, ಕಹಳೆಯೂ ಇಲ್ಲ.

ಆ ಸಂಭ್ರಮಕ್ಕೆ ಮೇಡಂ ಭಾನುವಾರವಿಡೀ ಹರಿಹರದಲ್ಲಿ, ಗಂಡನ ಮನೆಯ ಹಿಂದಿನ ಹೊಳೆದಂಡೆಯಲ್ಲಿ ನಿಂತು, ಎದುರುಗಾಳಿಗೆ ಉಪನ್ಯಾಸ ಒಪ್ಪಿಸಿದ್ದರು. ತುಂಗಭದ್ರೆಗೆ ಎಲ್ಲ ಅರ್ಥವಾಯಿತು. ಮೇಡಂ ದನಿ ಮಾತ್ರ ಹೊಳೆಯ ಪಾಲಾಯಿತು.

"ಮೇಡಂ, ಸಿಕ್ಕಿಬಿದ್ರೆ?" ಅಂದಳು ರಶ್ಮಿ.

"ನೀನು ಬೀಳು. ನಾನು ಕೂತಿರ್ತೀನಿ" ಎಂದಿತು ಸ್ಲೇಟು.

ಸಂಜೆ ಐದೂವರೆಗೆ ವ್ಯವಸ್ಥೆ ಸಿದ್ಧ. ಮೇಜಿಗೆ ನೆಲ ಮುಟ್ಟುವ ಹೊದಿಕೆ, ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ರೇಷ್ಮೆ ಸೀರೆಯ ಮೇಡಂ. ಮೇಜಿನ ಕೆಳಗೆ ಮೈಕು, ಭಾಷಣದ ಪ್ರತಿ ಮತ್ತು ರಶ್ಮಿ. ಮೇಡಂ ಕಾಲಿನ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಬೇಗ, ಎರಡು ಸಲ ಒತ್ತಿದರೆ ನಿಧಾನ. 'ನಿಲ್ಲಿಸು' ಎಂಬುದಕ್ಕೆ ಸನ್ನೆ ಗೊತ್ತುಮಾಡಲು ಇಬ್ಬರೂ ಮರೆತರು.

ಶುರುವಾಯಿತು. ಎರಡು ಕೆಮ್ಮು. ಉಸಿರು. ಮೇಲೆ ಮೇಡಂ ತುಟಿ ಆಡಿಸಿದರು, ಕೆಳಗೆ ರಶ್ಮಿ ದನಿ ಹರಿಸಿದಳು. ಮೇಡಂ ದನಿಗೆ ಇಳಿದ ಮೇಲೆ ಅದರ ಬಾಲ ಬಿಟ್ಟಿರಲು ಸಾಧ್ಯವೇ? ಮೊದಲ ವಾಕ್ಯ ಮುಗಿಯುತ್ತಲೇ ತಾನಾಗಿ ಬಂತು: "ಅಂಡರ್‌ಸ್ಟುಡ್ ಆರ್ ನಾಟ್?"

ರಶ್ಮಿ ನಾಲಿಗೆ ಕಚ್ಚಿಕೊಂಡಳು. ಆದರೆ ಲ್ಯಾಪ್‌ಟಾಪಿನಿಂದ ಅಷ್ಟೂ ಮಂದಿ ಬಿಳಿಗಡ್ಡದ ವಿದ್ವಾಂಸರು ಒಂದನೇ ಕ್ಲಾಸಿನ ಮಕ್ಕಳಂತೆ ಉತ್ತರಿಸಿದರು: "ಅಂಡರ್‌ಸ್ಟುಡ್!"

ಅವಳಿಗೆ ಹುರುಪು ಬಂತು. ಕಲ್ಲು ನಿಂತವು, ಗುಂಡಿ ತೆರೆದವು, ಕೊಂಬು ಕಂಡವು, ಪ್ರತಿ ಗುಂಡಿಗೂ ಒಂದು ಅಂಡರ್‌ಸ್ಟುಡ್.

ಆಗ ಕೊಟ್ರವ್ವ ಬಂದರು. ಸೊಸೆಯ ದನಿ ಹೋಗಿದೆ ಎಂದು ಕೇಳಿ ಹರಿಹರದಿಂದ ಬಸ್ಸು ಹತ್ತಿ ಬಂದಿದ್ದ ಅತ್ತೆ, ಮೆಣಸಿನ ಕಷಾಯದ ಲೋಟ ಹಿಡಿದು ನೇರ ಕ್ಯಾಮೆರಾದೊಳಗೆ ಹೊಕ್ಕರು. "ಕುಡಿ ಮೊದ್ಲು. ಆರಿದ್ರ ಗುಣ ಹೋಗ್ತೈತೆ."

ಇಂಗ್ಲೆಂಡಿಗೆ ಎದುರಾಡಬಹುದು, ಅತ್ತೆಗೆ ಉಂಟೆ? ಮೇಡಂ ಲೋಟ ಎತ್ತಿ ಗಟಗಟ ಕುಡಿಯತೊಡಗಿದರು. ಕೆಳಗಿನ ರಶ್ಮಿಗೆ ಅದು ಕಾಣಲಿಲ್ಲ. ಮಾತು ನಿಲ್ಲಿಸಲೆಂದು ಮೇಡಂ ಕಾಲಿನಿಂದ ಒಂದು ಒದೆ ಕೊಟ್ಟರು. ಬೇಗ ಎಂದುಕೊಂಡ ರಶ್ಮಿ ಬೇಗ ಓದಿದಳು. ಇನ್ನೊಂದು ಬಿತ್ತು. ಇನ್ನೂ ಬೇಗ. ಒದೆ ಹೆಚ್ಚಿದಂತೆ ಭಾಷಣ ರೈಲಾಯಿತು. ಪರದೆಯ ಮೇಲೆ ಬಾಯ್ತುಂಬ ಕಷಾಯವಿದ್ದ ಹೆಂಗಸೊಬ್ಬಳು ನವಶಿಲಾಯುಗವನ್ನು ಒಂದೇ ಉಸಿರಿನಲ್ಲಿ ದಾಟಿಸುತ್ತಿದ್ದಳು.

ಕೊಟ್ರವ್ವ ಹೊದಿಕೆ ಎತ್ತಿ ಬಗ್ಗಿ ನೋಡಿದರು. "ಅಯ್ಯ! ನೇತ್ರಾ, ನಿನ್ನ ದನಿ ಟೇಬಲ್ ಕೆಳಗ ಬಿದ್ದೈತೆ ನೋಡೇ!"

ರಶ್ಮಿ ತೆವಳಿ ಹೊರಬಂದು, ಕ್ಯಾಮೆರಾಗೆ ಕೈಮುಗಿದು, ತನ್ನದೇ ದನಿಯಲ್ಲಿ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅತ್ತ ಕಡೆ ಯಾರೋ ಕಿಸಕ್ಕೆಂದರು, ಮರುಕ್ಷಣ ಇಡೀ ಸಂಘ ಹೊಟ್ಟೆ ಹಿಡಿದುಕೊಂಡಿತು. ನಗದವರು ಅಧ್ಯಕ್ಷರೊಬ್ಬರೇ. ಮೂರು ಸಲ ಲೇಖನ ವಾಪಸ್ ಕಳಿಸಿದ್ದವರು ಅವರೇ.

"ದನಿ ಯಾರದಾದರೂ ಇರಲಿ" ಅಂದರು ಅವರು. "ನನ್ನ ಪ್ರಶ್ನೆ ಹಳೆಯದೇ. ಬಿದ್ದದ್ದು ಯಾವುದು, ಇಟ್ಟದ್ದು ಯಾವುದು, ನಿಮಗೆ ಹೇಗೆ ಗೊತ್ತು?"

ರಶ್ಮಿ ಕೈಲಿದ್ದ ಹಾಳೆಗಳನ್ನೆಲ್ಲ ಮಗುಚಿ ಹಾಕಿದಳು. ಅವಳು ಮೇಡಂ ಮುಖ ನೋಡಿದಳು. ಮೇಡಂ ಬಳಪ ಎತ್ತಿದರು, ಕೆಳಗಿಟ್ಟರು. ಒಂದು ಗಳಿಗೆ ಅತ್ತೆಯನ್ನೇ ದಿಟ್ಟಿಸಿದರು. ಕಣ್ಣಲ್ಲಿ ಏನೋ ಕಿಡಿಗೇಡಿತನ ಮಿನುಗಿತು. ಅತ್ತೆಯ ಸೊಂಟದ ಸಂಚಿಗೆ ಕೈಹಾಕಿ ಒಂದು ಹಿಡಿ ವೀಳ್ಯದೆಲೆ ತೆಗೆದು, ಕ್ಯಾಮೆರಾದ ಮುಂದೆ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಎಸೆದರು. ಕೈಕಟ್ಟಿ ಕೂತರು.

ಕೊಟ್ರವ್ವ ಎಷ್ಟು ಹೊತ್ತು ತಡೆದಾರು? "ಏನೇ ಇದು? ಎಲಿ ಹಿಂಗ ಎಸೀತಾರೇನೇ? ತುದಿ ಮೂಡಣಕ್ಕ ಇರ್ಬೇಕು ಅಂತ ಮದ್ವಿಯಾಗಿ ಬಂದಾಗಿಂದ ಹೇಳಾಕತ್ತೀನಿ!" ಬೈಯುತ್ತಲೇ ಒಂದೊಂದು ಎಲೆಯನ್ನೂ ಸೆರಗಿನಲ್ಲಿ ಒರೆಸಿ, ತುದಿಗಳನ್ನೆಲ್ಲ ಮೂಡಣ ಕಿಟಕಿಯ ಕಡೆಗೆ ತಿರುಗಿಸಿ ಸಾಲಾಗಿ ಜೋಡಿಸಿ, ಮೇಲೊಂದು ಅಡಿಕೆ ಇಟ್ಟರು.

ಮೇಡಂ ಆ ಹಳೆಯ ವರದಿಯ ಚಿತ್ರವನ್ನು ಎಲೆಗಳ ಪಕ್ಕಕ್ಕೆ ಹಿಡಿದರು. ಗುಂಡಿ ಗುಂಡಿಯಲ್ಲೂ ಕೊಂಬಿನ ತುದಿ ಒಂದೇ ಕಡೆಗೆ, ವೃತ್ತದ ನಡುವಿಗೆ.

ರಶ್ಮಿ ಕ್ಯಾಮೆರಾಗೆ ತಿರುಗಿದಳು. "ಬಿದ್ದದ್ದಕ್ಕೆ ದಿಕ್ಕಿರುವುದಿಲ್ಲ. ಇಟ್ಟದ್ದಕ್ಕೆ ದಿಕ್ಕಿರುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಸುಮ್ಮನಿರಬೇಕಿತ್ತು. ಆದರೆ ಎರಡು ಕೆಮ್ಮು ಆಗಲೇ ಬಂದುಬಿಟ್ಟಿದ್ದವು. "ಅಂಡರ್‌ಸ್ಟುಡ್ ಆರ್ ನಾಟ್?"

ಅಧ್ಯಕ್ಷರು ಚಿತ್ರ ನೋಡಿದರು, ಎಲೆ ನೋಡಿದರು, ಕೊಟ್ರವ್ವನನ್ನು ನೋಡಿದರು. "ಅಂಡರ್‌ಸ್ಟುಡ್" ಅಂದರು ಮೆತ್ತಗೆ. "ಲೇಖನವನ್ನು ಇನ್ನೊಮ್ಮೆ ಕಳಿಸಿ. ಈ ಸಲ ವಾಪಸ್ ಬರುವುದಿಲ್ಲ. ಎಲೆಗಳ ಫೋಟೊ ಕೂಡ ಬೇಕು."

ಕೊಟ್ರವ್ವ ಅಷ್ಟರಲ್ಲಿ ಒಂದೆಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಿದ್ದರು. "ಪುರಾವೆ ತಿನಬ್ಯಾಡ್ರೀ ಅಜ್ಜಿ!" ಎಂದು ರಶ್ಮಿ ಉಳಿದ ಎಲೆಗಳ ಮೇಲೆ ಕೈ ಅಡ್ಡ ಹಿಡಿದಳು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮೇಡಂ ಕಣ್ಣೊರೆಸಿಕೊಂಡು, ಬಹಳ ಹೊತ್ತು ನಕ್ಕು, ಸ್ಲೇಟು ಎತ್ತಿಕೊಂಡರು. "ನಿಜ ಹೇಳು. ನಾನು ಅದನ್ನ ಅಷ್ಟು ಸಲ ಅಂತೀನಾ?"

ರಶ್ಮಿ ಇಲ್ಲದ ಕನ್ನಡಕ ಏರಿಸಿ, ಎರಡು ಸಲ ಕೆಮ್ಮಿದಳು.

ಬಳಪ ಗುರಿ ತಪ್ಪದೆ ಬಂದು ಅವಳ ಹಣೆಗೆ ಬಿತ್ತು.