ಸದ್ದಿಲ್ಲದ ಒಲೆ

ಬೆಟ್ಟದ ಬುಡದ ಊರುಗಳಲ್ಲಿ ಅರವತ್ತು ದಾಟಿದ ಇಬ್ಬರು ಅಂಗಡಿಯ ಮುಂದೆ ಎದುರಾದರೆ ಮಾತಿಗೊಂದು ಕ್ರಮವಿದೆ. ಮೊದಲು ಹವೆ, ಆಮೇಲೆ ಮಂಡಿ, ಕೊನೆಗೆ ಸತ್ತವರ ಸುದ್ದಿ. ನಾರ್ವೆಯ ಗಡಿಗೆ ಹತ್ತಿರದ ಸ್ಕಾಲ್‌ವಾಲೆನ್ ಊರಿನ ಯೋರ್ಡಿಸ್ ಮಾತ್ರ ಎರಡು ವರ್ಷದಿಂದ ಹವೆಯನ್ನು ಬಿಟ್ಟು ನೇರ ಮಂಡಿಗೇ ಬರುತ್ತಿದ್ದಳು.

ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿ ನಿವೃತ್ತಳಾದವಳು ಅವಳು. ಡಾಕ್ಟರು ಮಂಡಿಯನ್ನು ಅತ್ತ ಇತ್ತ ಮಡಿಸಿ ನೋಡಿ, "ನಡೆಯೋಕೇನೂ ತೊಂದರೆ ಇಲ್ಲ. ಬೆನ್ನ ಮೇಲೆ ಐದು ಕಿಲೋ ಮೀರಬಾರದು ಅಷ್ಟೇ" ಎಂದಿದ್ದರು. ಅವಳ ಬೆಟ್ಟದ ಚೀಲ ಒಂಬತ್ತು ಕಿಲೋ ತೂಗುತ್ತಿತ್ತು. ಅದರಲ್ಲಿ ಐದು ಕಿಲೋ ಅಪ್ಪನದು. ಅಂದರೆ ಅಪ್ಪನ ಹಿತ್ತಾಳೆ ಪಂಪ್ ಸ್ಟೌ, ಸೀಮೆಎಣ್ಣೆ ಡಬ್ಬಿ ಮತ್ತು ಕಬ್ಬಿಣದ ಕಾಫಿ ಕೆಟಲ್.

ಆ ಸ್ಟೌ ಸಾಮಾನ್ಯದ್ದಲ್ಲ. ಅದನ್ನು ಹಚ್ಚಿದರೆ ಗಡಿಯಾಚೆ ನಾರ್ವೆಯ ಮೊಲಗಳು ಕಿವಿ ಮಡಿಚಿಕೊಳ್ಳುತ್ತಿದ್ದವು. ಒಂದು ವರ್ಷ ಅದರ ಸದ್ದಿಗೆ ಪಾದ್ರಿಯೊಬ್ಬರು ವಿಮಾನ ಬಂತೆಂದು ಟೋಪಿ ತೆಗೆದು ಕೈಬೀಸಿದ್ದರು. "ಇದರ ಸದ್ದು ನಾರ್ವೆಗೂ ಕೇಳುತ್ತೆ" ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ.

ನಾರ್ವೆಗೆ ಕೇಳಬೇಕಾದ ಕಾರಣವೂ ಇತ್ತು. ಯೋರ್ಡಿಸ್‌ಳ ಅಕ್ಕ ಸಿಗ್ನೆ ಮದುವೆಯಾಗಿ ಬೆಟ್ಟದಾಚೆ ಹೋದದ್ದು ನಲವತ್ತೆಂಟು ವರ್ಷದ ಹಿಂದೆ. ಅಂದಿನಿಂದ ಆಗಸ್ಟ್ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಗಡಿ ತೋರಿಸಲು ಕಲ್ಲು ಪೇರಿಸಿ ಹಳದಿ ಬಳಿದ ಗಡಿಗುಪ್ಪೆಯ ಹತ್ತಿರ ಅಕ್ಕ ತಂಗಿ ಸೇರಬೇಕು. ಈ ಕಡೆಯಿಂದ ಬೆಂಕಿ, ಕಾಫಿ. ಆ ಕಡೆಯಿಂದ ಕಾಫಿಯಲ್ಲಿ ನೆನೆಸುವ ಗಿಣ್ಣಿನಂಥ ಚೀಸ್. ಕಾರಿನಲ್ಲಿ ಸುತ್ತು ಹಾಕಿ ಹೋಗಬಹುದಿತ್ತು, ಐದು ತಾಸಿನ ದಾರಿ. ಹೋಗಿಯೂ ಇದ್ದರು. ಆದರೆ ಸೋಫಾದ ಮೇಲೆ ಕೂತರೆ ಇಬ್ಬರಿಗೂ ಪರದೆ ಬಟ್ಟೆಯ ಬಣ್ಣದ ಮೇಲೆ ಜಗಳ ಬರುತ್ತಿತ್ತು. ಬೆಟ್ಟದ ಮೇಲೆ ಪರದೆ ಇರಲಿಲ್ಲ.

ಹೋದ ವರ್ಷವೂ ಅದರ ಹಿಂದಿನ ವರ್ಷವೂ ಯೋರ್ಡಿಸ್ ಅರ್ಧ ದಾರಿಯಿಂದ ಕುಂಟುತ್ತಾ ವಾಪಸು ಬಂದಿದ್ದಳು. ಸಿಗ್ನೆ ನಾಲ್ಕು ಗಂಟೆಯವರೆಗೆ ಕಾದು, ಚೀಸನ್ನು ಒಣದಾಗಿಯೇ ತಿಂದು ಇಳಿದಿದ್ದಳು.

ಈ ಸಲ ಜುಲೈಯಲ್ಲಿ ಫೋನ್ ಬಂತು.

"ಮನೆ ಮಾರಾಯ್ತು ಕಣೇ," ಎಂದಳು ಸಿಗ್ನೆ. "ಸೆಪ್ಟೆಂಬರಿಗೆ ಮಗಳ ಊರಿಗೆ ಹೋಗ್ತೀನಿ. ದಕ್ಷಿಣಕ್ಕೆ. ಮೂರನೇ ಮಹಡಿ."

"ಅಲ್ಲಿಂದ ಬೆಟ್ಟ ಕಾಣುತ್ತಾ ಅಕ್ಕ?"

"ಎದುರು ಮನೆಯವರ ಬಾಲ್ಕನಿ ಕಾಣುತ್ತೆ." ಸಿಗ್ನೆ ಮಾತು ಬದಲಿಸಿದಳು. "ನೀನು ಕಾಫಿ ಕುಡಿಯೋ ಮರದ ಬಟ್ಟಲು ಗುಪ್ಪೆಯ ಕಲ್ಲಿನ ಸಂದಿಯಲ್ಲೇ ಇದೆ. ನಾನು ತೆಗೆದಿಲ್ಲ."

ಯೋರ್ಡಿಸ್ ಫೋನ್ ಇಟ್ಟು, ಚೀಲ ತೆಗೆದು, ಅದರ ಮುಂದೆ ಕೂತಳು.

"ಥರ್ಮಸ್ಸಲ್ಲಿ ತಗೊಂಡ್ಹೋಗೇ," ಎಂದ ಗಂಡ ಎವರ್ಟ್, ಪತ್ರಿಕೆಯ ಹಿಂದಿನಿಂದ. "ಕಾಫಿ ಕಾಫಿನೇ."

"ಥರ್ಮಸ್ ಇರೋದು ಬಸ್ ಪ್ರಯಾಣಕ್ಕೆ. ಬಗ್ಗಿಸ್ದೆ, ಕುಡಿದೆ, ಎದ್ದೆ. ನಾವು ಮಾತಾಡೋದೆಲ್ಲ ನೀರು ಕಾಯೋ ಹೊತ್ತಲ್ಲಿ. ನಿಂಗೆಲ್ಲಿ ಗೊತ್ತಾಗುತ್ತೆ?"

ಎವರ್ಟ್‌ಗೆ ಗೊತ್ತಾಗಲಿಲ್ಲ. ಹಾಗಾಗಿ ಅವಳು ಎರಡು ಮನೆ ಆಚೆಗಿನ ಟೋರಾಳ ಹತ್ತಿರ ಹೋದಳು.

ಟೋರಾ ಬೇಸಿಗೆಯಲ್ಲಿ ಬೆಟ್ಟದ ತಂಗುಮನೆ ನೋಡಿಕೊಳ್ಳುವವಳು, ಚಳಿಗಾಲದಲ್ಲಿ ಹಿಮದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವವಳು. ಐವತ್ತು ವಯಸ್ಸು. ಅವಳ ಎಡ ಹುಬ್ಬು ಹನ್ನೊಂದು ವರ್ಷದ ಹಿಂದೆ ಸುಟ್ಟುಹೋಗಿ, ಮತ್ತೆ ಬೆಳೆಯುವಾಗ ದಿಕ್ಕು ತಪ್ಪಿ ಕಿವಿಯ ಕಡೆಗಲ್ಲದೆ ಮೂಗಿನ ಕಡೆಗೆ ಬೆಳೆದಿತ್ತು. ಒಲೆಯ ವಿಷಯದಲ್ಲಿ ಊರಿನವರು ಅವಳ ಮಾತು ಕೇಳಲು ಆ ಹುಬ್ಬೇ ಸಾಕಾಗಿತ್ತು.

ಟೋರಾ ಬೇಟೆಯ ಮಾಂಸ ತೂಗುವ ಕೊಕ್ಕೆ ತಕ್ಕಡಿಗೆ ಅಪ್ಪನ ಸ್ಟೌವನ್ನು ನೇತುಹಾಕಿದಳು.

"ಇದನ್ನ ಹೊತ್ಕೊಂಡು ಹೋಗೋದೂ ಒಂದೇ, ಎವರ್ಟ್‌ನ ಹೊತ್ಕೊಂಡು ಹೋಗೋದೂ ಒಂದೇ," ಎಂದಳು.

"ಸ್ಟೌ ಕೆಲಸಕ್ಕಾದ್ರೂ ಬರುತ್ತೆ," ಎಂದಳು ಯೋರ್ಡಿಸ್.

"ನಿಂಗೆ ಸ್ಪಿರಿಟ್ ಒಲೆ ಸಾಕು. ಪಂಪ್ ಇಲ್ಲ, ಪಿನ್ ಇಲ್ಲ, ಕೆಡೋ ಭಾಗವೇ ಇಲ್ಲ. ಒಂದು ಹಿತ್ತಾಳೆ ಬಟ್ಟಲು, ಅದಕ್ಕೆ ಸ್ಪಿರಿಟ್ ಹಾಕು, ಕಡ್ಡಿ ಗೀರು."

"ಗಾಯಕ್ಕೆ ಹಚ್ಚೋ ಸ್ಪಿರಿಟ್ಟಲ್ಲಿ ಕಾಫಿ ಕಾಯುತ್ತೇನೇ? ಅಷ್ಟರಲ್ಲಿ ಸಿಗ್ನೆಗೆ ಎಂಬತ್ತಾಗುತ್ತೆ."

"ನಿಧಾನವೇ. ಅರ್ಧ ಲೀಟರಿಗೆ ಹತ್ತು ನಿಮಿಷ ಅಂತಿಟ್ಕೋ. ಗ್ಯಾಸಾದ್ರೆ ನಾಲ್ಕು. ಅವಸರ ಇದ್ಯಾ ನಿಂಗೆ?"

ಯೋರ್ಡಿಸ್ ಯೋಚಿಸಿದಳು. ಅವಸರ ಇರಲಿಲ್ಲ. ಇದ್ದದ್ದೇ ಅದರ ವಿರುದ್ಧದ್ದು.

ಒಪ್ಪಿಕೊಂಡ ಮೇಲೆ ಯೋರ್ಡಿಸ್ ಅತಿಗೆ ಹೋಗುವವಳು. ಮಾರನೆಯ ದಿನವೇ ತಂಪು ಪಾನೀಯದ ಡಬ್ಬಿ ಕತ್ತರಿಸಿ ಮಾಡಿದ ಒಲೆಯೊಂದನ್ನು ಯಾರಿಂದಲೋ ತಂದಳು. ತೂಕ ಒಂದು ಕಾಗದದಷ್ಟು.

"ಹಗುರ ಅಂದ್ರೆ ಇದು!"

"ಹಗುರ ಇದೆ. ನಿಲ್ಲುತ್ತಾ?" ಟೋರಾ ಅದರ ಮೇಲೆ ಪಾತ್ರೆಯಿಟ್ಟು ಊದಿದಳು. ಪಾತ್ರೆ ಉರುಳಿತು. "ನನ್ನ ಚಿಕ್ಕಪ್ಪನ ಮಗ ಇಂಥದ್ದರಲ್ಲೇ ಗಂಜಿ ಮಾಡ್ತಿದ್ದ. ಗಾಳಿ ಬಂತು. ಒಲೆ, ಪಾತ್ರೆ ಎಲ್ಲ ಹೊತ್ಕೊಂಡು ಹೋಯ್ತು. ಪಕ್ಕದ ಕಣಿವೆಯಲ್ಲಿ ಸಿಕ್ಕಾಗ ಗಂಜಿ ಇನ್ನೂ ಬಿಸಿ ಇತ್ತಂತೆ."

"ಸುಳ್ಳು."

"ಉಪ್ಪು ಕಡಿಮೆಯಾಗಿತ್ತು ಅಂದ್ರು. ನೋಡು, ತೀರಾ ಹಗುರದ್ದು ಅನುಭವ ಇದ್ದೋರಿಗೆ. ನಿಂಗೆ ಬುಡ ಅಗಲ ಇರ್ಬೇಕು, ಸುತ್ತ ಗಾಳಿತಡೆ ಇರ್ಬೇಕು, ಉರಿ ಆರಿಸೋಕೆ ಮುಚ್ಚಳ ಇರ್ಬೇಕು. ಮೂರೂ ಇದ್ದು ಎಷ್ಟು ಹಗುರ ಸಿಗುತ್ತೋ ಅಷ್ಟು ಹಗುರದ್ದು ತಗೋ."

ಅಂಥದ್ದು ಸಿಕ್ಕಿತು. ಹಿತ್ತಾಳೆ ಬಟ್ಟಲು, ಗಾಳಿತಡೆ, ಅಲ್ಯುಮಿನಿಯಂ ಪಾತ್ರೆ ಒಂದರೊಳಗೊಂದು ಕೂತು ಏಳುನೂರು ಗ್ರಾಂ. ಕಾಲು ಲೀಟರ್ ಸ್ಪಿರಿಟ್. ಚೀಲ ಕೊಕ್ಕೆಗೆ ಹಾಕಿದರೆ ಐದು ಕಿಲೋಗೆ ನೂರು ಗ್ರಾಂ ಕಡಿಮೆ.

ಪಾಠ ಯೋರ್ಡಿಸ್‌ಳ ಮನೆಯಂಗಳದ ಚಪ್ಪಡಿಕಲ್ಲಿನ ಮೇಲೆ ನಡೆಯಿತು. ಎವರ್ಟ್ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ.

"ಸ್ಪಿರಿಟ್ ಕೆಂಪಗಿದೆ, ಹಣ್ಣಿನ ಶರಬತ್ತಿನ ಹಾಗೆ," ಎಂದಳು ಟೋರಾ. "ಕುಡಿದ್ರೆ ವಿಷ. ಅದಕ್ಕೇ ನೀರಿನ ಬಾಟ್ಲಿಗೆ ಹಾಕ್ಬೇಡ. ಅದರದೇ ಬಾಟ್ಲಿ, ಮೇಲೆ ದೊಡ್ಡದಾಗಿ ಬರೆದಿರು. ಹತ್ತು ಪಾಲಿಗೆ ಒಂದು ಪಾಲು ನೀರು ಬೆರೆಸು, ಪಾತ್ರೆಗೆ ಮಸಿ ಹಿಡಿಯಲ್ಲ. ಬಟ್ಟಲಿಗೆ ಮುಕ್ಕಾಲಿಗಿಂತ ಜಾಸ್ತಿ ಬೇಡ. ಒಣಗಿದ ಪಾಚಿ ಮೇಲೆ ಇಡ್ಬೇಡ, ಬಂಡೆ ಮೇಲಿಡು. ಹಚ್ಚೋ ಮುಂಚೆ ಬಾಟ್ಲಿ ಮುಚ್ಚಿ ದೂರ ಇಡು."

"ಮಳೆ ಬಂದ್ರೆ ಟೆಂಟ್ ಒಳಗೆ?" ಕೇಳಿದ ಎವರ್ಟ್.

"ಮಳೆ ಬಂದ್ರೆ ನೆನಿ. ಟೆಂಟ್ ಒಳಗೆ ಹಚ್ಚಿದ್ರೆ ಬೆಂಕಿ ಬಿಟ್ರೂ ಹೊಗೆಯಿಲ್ಲದ ವಿಷಗಾಳಿ ಬಿಡಲ್ಲ."

ಟೋರಾ ಕಡ್ಡಿ ಗೀರಿ ಬಟ್ಟಲಿಗೆ ತೋರಿಸಿದಳು. ಏನೂ ಆಗಲಿಲ್ಲ. ಸದ್ದಿಲ್ಲ, ಉರಿಯಿಲ್ಲ.

"ಹೊತ್ತಿಲ್ಲ," ಎಂದ ಎವರ್ಟ್ ವಿಜಯದಿಂದ. "ಹಾಕಿ ಇನ್ನೊಂಚೂರು." ಬಾಟಲಿಗೆ ಕೈಚಾಚಿಯೂ ಆಗಿತ್ತು.

ಟೋರಾ ಅವನ ಕೈಮೇಲೆ ಒಂದು ಬಿಟ್ಟಳು. ಉದ್ದನೆಯ ಒಣಹುಲ್ಲಿನ ಕಡ್ಡಿ ಕಿತ್ತು ಬಟ್ಟಲ ಮೇಲೆ ಹಿಡಿದಳು. ಕಡ್ಡಿ ಭಗ್ಗೆಂದಿತು.

"ಬಿಸಿಲಲ್ಲಿ ಇದರ ಉರಿ ಕಾಣಲ್ಲ. ಕಿವಿಗೂ ಕೇಳಲ್ಲ. ಆರಿದೆ ಅಂತ ಬಾಟ್ಲಿಯಿಂದ ಸುರಿದ್ರೆ ಉರಿ ಧಾರೆ ಹಿಡ್ಕೊಂಡು ಕೈಗೆ ಹತ್ತುತ್ತೆ." ಅವಳು ತನ್ನ ಹುಬ್ಬನ್ನು ತೋರಿಸಿದಳು. "ನಂದು ಹುಬ್ಬಲ್ಲಿ ಮುಗೀತು. ಎಲ್ಲರದೂ ಅಲ್ಲಿಗೇ ಮುಗಿಯಲ್ಲ. ಸ್ಪಿರಿಟ್ ಮುಗಿದ ಹಾಗೆ ಕಂಡ್ರೆ ಮೊದಲು ಕಡ್ಡಿ ಹಿಡಿದು ನೋಡು. ಆಮೇಲೆ ಆರಿಸೋ ಮುಚ್ಚಳ ಹಾಕು. ಬಟ್ಟಲು ಬರಿಗೈಲಿ ಹಿಡಿಯೋ ಹಾಗೆ ತಣ್ಣಗಾಗಲಿ. ಆಮೇಲೇ ಸುರಿ. ಎಷ್ಟು ಹೊತ್ತಾದ್ರೂ ಕಾಯಿ."

"ಕಾಯೋದು ಬಿಟ್ಟು ನಾನು ಎರಡು ವರ್ಷ ಏನು ಮಾಡಿದೀನಿ," ಎಂದಳು ಯೋರ್ಡಿಸ್.

ಶನಿವಾರ ಬೆಳಿಗ್ಗೆ ಹೊರಟಳು. ಮಂಡಿ ಮೂರು ಸಲ ಗೊಣಗಿತು. ಹೋದ ವರ್ಷ ವಾಪಸು ತಿರುಗಿದ ಬಂಡೆಯ ಹತ್ತಿರ ಅವಳು ನಿಲ್ಲಲಿಲ್ಲ, ನಿಂತರೆ ಮಂಡಿಗೆ ನೆನಪಾಗುತ್ತದೆಂದು ಬೇರೆ ಕಡೆ ನೋಡಿಕೊಂಡು ದಾಟಿದಳು.

ಗಡಿಗುಪ್ಪೆಯ ಹತ್ತಿರ ನೀಲಿ ಸ್ವೆಟರ್ ಕಾಣಿಸಿತು. ಎಪ್ಪತ್ತೆರಡರ ಸಿಗ್ನೆ ಎದ್ದು ನಿಂತಳು.

"ತಡವಾಯ್ತು," ಎಂದಳು.

"ಎರಡು ವರ್ಷ ಅಷ್ಟೇ," ಎಂದಳು ಯೋರ್ಡಿಸ್.

ಅಪ್ಪಿಕೊಂಡರು. ಸಿಗ್ನೆ ಸಂದಿಯಿಂದ ಮರದ ಬಟ್ಟಲು ತೆಗೆದು ಅದರೊಳಗಿನ ಜೇಡನನ್ನು ಗೌರವದಿಂದ ನಾರ್ವೆಯ ಕಡೆಗೆ ಇಳಿಸಿದಳು. ಯೋರ್ಡಿಸ್ ಬಂಡೆಯ ಮೇಲೆ ಒಲೆಯಿಟ್ಟು ಹಚ್ಚಿದಳು.

"ಅಪ್ಪನ ಒಲೆ ಎಲ್ಲಿ?"

"ಮನೇಲಿ. ಎವರ್ಟ್‌ಗೆ ಜೊತೆಗಿರಲಿ ಅಂತ."

ಮೊದಲ ಪಾತ್ರೆ ಕಾಫಿ ಆಯಿತು. ಚೀಸ್ ಮುಳುಗಿಸಿ ತಿಂದರು. ಮೊಮ್ಮಕ್ಕಳ ಸುದ್ದಿ, ಮಂಡಿಯ ಸುದ್ದಿ, ಸತ್ತವರ ಸುದ್ದಿ ಮುಗಿಯಿತು. ಎರಡನೆಯ ಪಾತ್ರೆ ಇಟ್ಟರು. ನೀರು ಸಣ್ಣಗೆ ಗುಳ್ಳೆ ಏಳುವಷ್ಟರಲ್ಲಿ ಸುಮ್ಮನಾಯಿತು.

"ಆರಿಹೋಯ್ತು," ಎಂದಳು ಸಿಗ್ನೆ. "ಹಾಕು ಬೇಗ. ಮೂರಕ್ಕೆ ನಾನು ಇಳೀಬೇಕು."

ಯೋರ್ಡಿಸ್ ಪಾತ್ರೆ ಕೆಳಗಿಳಿಸಿ ಬಾಟಲಿ ತೆಗೆದುಕೊಂಡಳು. ಬಟ್ಟಲಲ್ಲಿ ಏನೂ ಕಾಣುತ್ತಿರಲಿಲ್ಲ, ಬಿಸಿಲೊಂದೇ. ಆಗಲೇ ಎರಡೂವರೆ. ಅರ್ಧ ಗಂಟೆಯಲ್ಲಿ ಅಕ್ಕ ಇಳಿದುಬಿಡುತ್ತಾಳೆ, ಮತ್ತೆ ಹತ್ತುವುದಿಲ್ಲ. ಬಾಟಲಿಯ ಮುಚ್ಚಳ ಅರ್ಧ ತಿರುಗಿತ್ತು. ಅಷ್ಟರಲ್ಲಿ ಮೂಗಿನ ಕಡೆಗೆ ಬೆಳೆದ ಹುಬ್ಬೊಂದು ಕಣ್ಣ ಮುಂದೆ ಬಂತು.

ಅವಳು ಬಾಟಲಿ ದೂರ ಇಟ್ಟು, ಹುಲ್ಲುಕಡ್ಡಿ ಕಿತ್ತು ಹಿಡಿದಳು. ಕಡ್ಡಿ ಹೊತ್ತಿಕೊಂಡಿತು.

"ಅಯ್ಯೋ ದೇವರೇ!" ಎಂದಳು ಸಿಗ್ನೆ.

ಯೋರ್ಡಿಸ್ ಮುಚ್ಚಳ ಹಾಕಿದಳು. "ಈಗ ತಣ್ಣಗಾಗ್ಬೇಕು. ಕಾಯೋಣ."

ಕಾದರು. ಮಾಡಲು ಏನೂ ಇರಲಿಲ್ಲ. ಸುದ್ದಿಯೆಲ್ಲ ಮುಗಿದಿತ್ತು. ಗಾಳಿ ಮಾತ್ರ ಇತ್ತು.

"ಎಷ್ಟು ಸದ್ದಿಲ್ಲ ನೋಡು," ಎಂದಳು ಸಿಗ್ನೆ. "ಇಷ್ಟು ವರ್ಷ ಇಲ್ಲಿ ಕೂತು ನಾವು ಕಿರುಚಾಡಿದ್ದೇ ಆಯ್ತು, ಆ ಒಲೆ ಗಲಾಟೆಗೆ."

"ಹ್ಞೂಂ."

"ಮದುವೆಯಾದ ಮೊದಲ ವರ್ಷ ನಾನು ಸಂಜೆ ಸಂಜೆ ಅಂಗಳಕ್ಕೆ ಬಂದು ನಿಲ್ತಿದ್ದೆ ಕಣೇ. ಈ ಕಡೆ ಕಿವಿ ಕೊಟ್ಟು. ನಾರ್ವೆಗೂ ಕೇಳುತ್ತೆ ಅಂದಿದ್ನಲ್ಲ ಅಪ್ಪ. ನಾನು ನಂಬಿದ್ದೆ."

ಯೋರ್ಡಿಸ್ ಅವಳನ್ನೇ ನೋಡಿದಳು. "ಇಷ್ಟು ವರ್ಷ ಹೇಳ್ಲೇ ಇಲ್ಲ ನೀನು."

"ಇಂಥದ್ದನ್ನ ಕಿರುಚಿ ಹೇಳೋಕಾಗುತ್ತಾ?"

ಯೋರ್ಡಿಸ್ ಸುಟ್ಟುಳಿದ ಹುಲ್ಲುಕಡ್ಡಿಯ ತುಂಡನ್ನು ಬಂಡೆಗೆ ಒತ್ತಿ ಆರಿಸಿದಳು. ಆಮೇಲೆ ಹೇಳಿದಳು. "ನೀನು ಮದುವೆಯಾಗಿ ಹೋದೆಯಲ್ಲ, ಆ ವಾರ ನಾನು ಅಪ್ಪನ ಒಲೇನ ಅಂಗಳಕ್ಕೆ ತಂದು ಹಚ್ಚಿದ್ದೆ ಅಕ್ಕ. ಮೇಲೆ ಪಾತ್ರೆ ಗೀತ್ರೆ ಏನೂ ಇಲ್ಲ. ಸುಮ್ನೆ. ನಿಂಗೆ ಕೇಳ್ಲಿ ಅಂತ. ಸೀಮೆಎಣ್ಣೆ ಮುಗಿಸಿದೆ ಅಂತ ಅಪ್ಪನ ಕೈಲಿ ಬೈಸ್ಕೊಂಡೆ."

ಸಿಗ್ನೆ ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡಳು. ಒಲೆಯ ಬಟ್ಟಲು ಮುಟ್ಟಿ ನೋಡಿ, "ತಣ್ಣಗಾಗಿದೆ," ಎಂದಳು.

"ಇನ್ನೂ ಸ್ವಲ್ಪ ಆಗಲಿ," ಎಂದಳು ಯೋರ್ಡಿಸ್.

ಸಿಗ್ನೆ ಇಳಿದದ್ದು ಐದಕ್ಕೆ. ಹೋಗುವಾಗ ಇಬ್ಬರ ಕಾಫಿ ಬಟ್ಟಲುಗಳು ಅದಲುಬದಲಾದವು. ಯೋರ್ಡಿಸ್‌ಳದು ಮೂರನೇ ಮಹಡಿಗೆ ಹೊರಟಿತು, ಸಿಗ್ನೆಯದು ಐದು ಕಿಲೋ ಮೀರದ ಚೀಲದಲ್ಲಿ ಕೆಳಗಿಳಿಯಿತು.

ಈಗ ಎವರ್ಟ್ ಮೀನು ಹಿಡಿಯಲು ಹೋಗುವಾಗ ಕೇಳದೆಯೇ ಆ ಸ್ಪಿರಿಟ್ ಒಲೆ ಒಯ್ಯುತ್ತಾನೆ. ಥರ್ಮಸ್ಸಿನ ಮಾತು ಎತ್ತುವುದಿಲ್ಲ. ಹುಲ್ಲುಕಡ್ಡಿಯನ್ನು ಮಾತ್ರ ಹ್ಯಾಟಿಗೆ ಸಿಕ್ಕಿಸಿಕೊಂಡೇ ಹೊರಡುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಂಡಿಯೂ ಗೊಣಗುತ್ತಿರಬಹುದು. ಬೆಟ್ಟವನ್ನು ಬಿಡಬೇಡಿ, ಭಾರವನ್ನು ಬಿಡಿ. ಹೊರಡುವ ಮುಂಚೆ ಚೀಲ ತೂಗಿ. ಭದ್ರವಾಗಿ ನಿಲ್ಲುವ, ಗಾಳಿತಡೆಯೂ ಮುಚ್ಚಳವೂ ಇರುವ ಒಲೆ ಕೊಳ್ಳಿ. ಒಣ ಬೇಸಿಗೆಯಲ್ಲಿ ಬೆಂಕಿ ಹಚ್ಚಲು ಆ ವಾರ ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ಟೆಂಟಿನ ಹೊರಗೆ, ಬಂಡೆಯ ಮೇಲೆ ಹಚ್ಚಿ. ಕಣ್ಣಿಗೆ ಕಾಣದ ಉರಿಯನ್ನು ಆರಿದೆಯೆಂದು ನಂಬಬೇಡಿ, ಹುಲ್ಲುಕಡ್ಡಿಯನ್ನು ಕೇಳಿ. ಬಿಸಿ ಬಟ್ಟಲಿಗೆ ಎಂದೂ ಸ್ಪಿರಿಟ್ ಸುರಿಯಬೇಡಿ. ತಣ್ಣಗಾಗುವವರೆಗೆ ಪಕ್ಕದಲ್ಲಿರುವವರ ಜೊತೆ ಕೂತಿರಿ, ಅವರು ಏನಾದರೂ ಹೇಳಬಹುದು.

ಯಾವುದೋ ಗುಪ್ಪೆಯ ಹತ್ತಿರ ನಿಮಗಾಗಿಯೂ ಯಾರೋ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದಾರೆ. ಹೋಗಿ ಬನ್ನಿ. ಎರಡೂ ಹುಬ್ಬುಗಳ ಸಮೇತ.