ಆರುನೂರು ಕಿಲೋದೊಳಗೆ

ತಮ್ಮನಿಗೆ ಹೃದಯಾಘಾತವಾಗಿ, ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಅವನನ್ನು ಮಾತಾಡಿಸುವುದೆಂದರೆ ಗೋಡೆಯನ್ನು ಮಾತಾಡಿಸಿದ ಹಾಗಾಗಿತ್ತು. ದರ್ಜಿ ಕೆಲಸದ ಅಕ್ಕ ಹೊಲಿಗೆ ಮಿಷನ್ ತುಳಿಯುತ್ತ ಲೋಕದ ಸುದ್ದಿಯನ್ನೆಲ್ಲ ಒದರುತ್ತಿದ್ದಳು. ಅವನು ಹ್ಞೂಂ ಅಂದರೆ ಅದೇ ದೊಡ್ಡದು.

ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಹಾರಿಸಿ ಬದುಕಿದವನು ಅವನು. ಮದುವೆಯ ಮಾತೆತ್ತಿದರೆ, "ನನ್ನ ಹೆಂಡತಿಗೆ ಎರಡು ರೆಕ್ಕೆ, ಒಂದು ಬಾಲ ಇದೆ, ಇನ್ನೊಬ್ಬಳು ಯಾಕೆ?" ಅನ್ನುತ್ತಿದ್ದ. ಆ ಹೆಂಡತಿ ಎರಡು ಸೀಟಿನ ಹಳೆಯ ವಿಮಾನ. ಕಬ್ಬಿಣದ ಕೊಳವೆಗಳ ಮೈಗೆ ಬಟ್ಟೆ ಹೊದಿಸಿದ್ದು. ಊರಾಚೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಪೈಲಟ್ ಲೈಸೆನ್ಸಿಗೆ ಬೇಕಾದ ಆರೋಗ್ಯದ ಸರ್ಟಿಫಿಕೇಟನ್ನು ಈ ಎದೆಗೆ ಯಾರೂ ಕೊಡುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

ಆಸೆ ಹುಟ್ಟಿಸಿದವನು ಶೆಡ್ಡಿನ ಮೆಕ್ಯಾನಿಕ್. ಕೈ ಎಷ್ಟು ತೊಳೆದರೂ ಕಪ್ಪು ಹೋಗದ ಅವನನ್ನು ಎಲ್ಲರೂ ಗ್ರೀಸಣ್ಣ ಅನ್ನುತ್ತಿದ್ದರು. "ಹಗುರ ಕ್ರೀಡಾ ವಿಮಾನ ಅಂತ ಒಂದು ವರ್ಗ ಇದೆಯಮ್ಮ. ಅದನ್ನು ಹಾರಿಸೋಕೆ ಡಾಕ್ಟರ ಸಹಿ ಬೇಡ, ಕಾರಿನ ಲೈಸೆನ್ಸೇ ಸಾಕು. ಸೀಟು ಎರಡಕ್ಕಿಂತ ಹೆಚ್ಚಿರಬಾರದು, ವೇಗ ಮಿತಿಯಲ್ಲಿರಬೇಕು. ಅವೆರಡೂ ಸರಿ ಇವೆ. ಪೆಟ್ರೋಲು, ಜನ ಎಲ್ಲ ಸೇರಿ ಏಳುವಾಗ ತೂಕ ಆರುನೂರು ಕಿಲೋದೊಳಗಿದ್ದರೆ ಆಯ್ತು. ಇದಕ್ಕೆ ಸ್ವಲ್ಪ ಇಳಿಸಿದ್ರೆ ಸಾಕು."

ಅಂದು ಸಂಜೆ ತಮ್ಮ ತಾನಾಗೇ ಎದ್ದು ಗಡ್ಡ ಬೋಳಿಸಿಕೊಂಡ.

ಚಳಿಗಾಲವೆಲ್ಲ ಮೂವರೂ ವಿಮಾನದ ಮೇಲೆ ಬಿದ್ದರು. ಗ್ರೀಸಣ್ಣ ಭಾರದ ಬ್ಯಾಟರಿ, ಹಳೆಯ ಹೀಟರು ಕಿತ್ತು ಹಾಕಿದ. ಪದರ ಪದರ ಬಣ್ಣ ಕುಡಿದು ದಪ್ಪಗಾಗಿದ್ದ ಹೊದಿಕೆಯನ್ನು ಅಕ್ಕ ಕತ್ತರಿಸಿ ತೆಗೆದು, ಹೊಸ ತೆಳು ಬಟ್ಟೆ ಅಳೆದು ಹೊಲಿದಳು. ಬಟ್ಟೆಯನ್ನು ರೆಕ್ಕೆಯೊಳಗಿನ ಪಟ್ಟಿಗಳಿಗೆ ಮಾರುದ್ದದ ಸೂಜಿಯಲ್ಲಿ ಗಂಟು ಹಾಕುತ್ತ, "ನಿನ್ನ ಹೆಂಡತಿಗೆ ಸೀರೆ ಉಡಿಸೋ ಕೆಲಸವೂ ನನ್ನ ತಲೆಗೇ ಬಂತಲ್ಲೋ" ಅಂದಳು.

"ನಿಂಗೆ ಅತ್ತಿಗೆಯ ಗತ್ತು ಇರಲಿ ಅಂತ," ಅಂದ ತಮ್ಮ. ಎಷ್ಟೋ ತಿಂಗಳ ಮೇಲೆ ಅವನು ನಗಾಡಿದ್ದು. ಅವಳು ತಲೆ ಬಗ್ಗಿಸಿ, ಕಣ್ಣೊರೆಸಿಕೊಂಡಿದ್ದು ಕಾಣದ ಹಾಗೆ ಹೊಲಿದಳು.

ಪರೀಕ್ಷೆ ಮಾಡುವ ಅಧಿಕಾರಿ ಬಂದದ್ದು ಒಂದು ಬಿಸಿಲಿನ ಬೆಳಿಗ್ಗೆ. ಸೌಮ್ಯ ಮನುಷ್ಯ. ಮೂರು ಚಕ್ರಗಳ ಕೆಳಗೂ ತಕ್ಕಡಿ ಇಟ್ಟು ತೂಗಿದ. ಲೆಕ್ಕ ಹಾಕಿ, "ತುಂಬಿ ಹೊರಟರೂ ಆರುನೂರು ಮುಟ್ಟಲ್ಲ. ಒಳ್ಳೇ ಕೆಲಸ," ಅಂದ. ಗ್ರೀಸಣ್ಣ ಅಕ್ಕನ ಕಡೆ ಕಣ್ಣು ಮಿಟುಕಿಸಿದ.

"ಮೊದಲಿಂದಲೂ ಇದರ ಮಂಜೂರಾದ ತೂಕ ಇಷ್ಟೇ ತಾನೇ? ಯಾವಾಗಲಾದರೂ ಏರಿಸಿದ್ರಾ?" ಅಂತ ಅಧಿಕಾರಿ ಕೇಳಿದ.

ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, ಹೆಮ್ಮೆಯಿಂದಲೇ: "ಒಂದ್ಸಲ ಏರಿಸಿದ್ದ ಸಾರ್. ನಮ್ಮಮ್ಮನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ಬೇಕಿತ್ತು. ಆಕ್ಸಿಜನ್ ಸಿಲಿಂಡರು ಜೊತೆಗಿರ್ಬೇಕು. ಅದಕ್ಕೇ ಗಟ್ಟಿ ಚಕ್ರ ಹಾಕಿಸಿ, ಹೆಚ್ಚಿನ ತೂಕಕ್ಕೆ ಒಪ್ಪಿಗೆ ತಗೊಂಡ. ಅಮ್ಮ ಎರಡು ವರ್ಷ ಹೆಚ್ಚಿಗೆ ಬದುಕಿದಳು."

ಅಧಿಕಾರಿಯ ಪೆನ್ನು ನಿಂತಿತು. "ಹಾಗಾದ್ರೆ ಆಗಲ್ಲಮ್ಮ."

"ಈಗ ಇಳಿಸಿದ್ದೀವಲ್ಲ! ನೀವೇ ತೂಗಿದ್ರಿ!"

"ಇವತ್ತಿನ ತೂಕ ಅಲ್ಲ ಪ್ರಶ್ನೆ. ಕಾರ್ಖಾನೆಯಿಂದ ಹೊರಬಂದ ದಿನದಿಂದ ಇವತ್ತಿನವರೆಗೆ ಒಂದೇ ಒಂದು ಸಲವೂ ಮಿತಿ ಮೀರಿ ಮಂಜೂರಾಗಿರಬಾರದು. ಒಮ್ಮೆ ಮೀರಿದ್ರೆ, ಆಮೇಲೆ ಎಷ್ಟು ಇಳಿಸಿದ್ರೂ ಈ ವರ್ಗಕ್ಕೆ ಬರಲ್ಲ."

ಗ್ರೀಸಣ್ಣನ ಮುಖ ಹುಳ್ಳಗಾಯಿತು. ನಿಯಮದ ಆ ಸಾಲು ಅವನು ಓದಿರಲಿಲ್ಲ. ಅಕ್ಕನಿಗೆ ನಾಲಿಗೆ ಕಚ್ಚಿಕೊಂಡು ಸಾಯುವ ಹಾಗಾಯಿತು. ಅದನ್ನು ಕಂಡೇ ಇರಬೇಕು, ಅಧಿಕಾರಿ ತಗ್ಗಿದ ದನಿಯಲ್ಲಿ ಅಂದ: "ನೀವು ಹೇಳಿದ್ದರಿಂದ ಏನೂ ಕೆಟ್ಟಿಲ್ಲಮ್ಮ. ಕಚೇರಿಯಲ್ಲಿ ದಾಖಲೆ ಇದ್ದೇ ಇದೆ, ನಾಳೆ ನನಗೇ ಗೊತ್ತಾಗ್ತಿತ್ತು."

ತಮ್ಮ ರೆಕ್ಕೆಯ ಮೇಲೆ ಅಂಗೈಯಿಟ್ಟು ನಿಂತಿದ್ದ. ಆಮೇಲೆ ಅಧಿಕಾರಿಯ ತಕ್ಕಡಿಗಳನ್ನು ಒಂದೊಂದಾಗಿ ತಾನೇ ಎತ್ತಿ ಕಾರಿನಲ್ಲಿಟ್ಟ. ಭಾರ ಎತ್ತಬಾರದೆಂದು ಅಕ್ಕ ಕೂಗಿದರೂ ಕೇಳಲಿಲ್ಲ.

"ಅಮ್ಮನ್ನ ಕರ್ಕೊಂಡು ಹೋಗಿದ್ದು ತಪ್ಪಲ್ಲ ಕಣೋ," ಅಂದಳು ಅಕ್ಕ, ಮನೆಗೆ ಹೋಗುವ ದಾರಿಯಲ್ಲಿ.

"ತಪ್ಪು ಅಂತ ಯಾರಂದ್ರು?" ಅಂದ. "ಇನ್ನೊಂದ್ಸಲ ಬಂದ್ರೂ ಅದನ್ನೇ ಮಾಡ್ತಿದ್ದೆ. ಅದೇ ಅಲ್ವಾ ಕಷ್ಟ. ಬೈಕೊಳ್ಳೋಕೂ ಯಾರೂ ಇಲ್ಲ."

ವಿಮಾನವನ್ನು ಆರೋಗ್ಯದ ಸರ್ಟಿಫಿಕೇಟಿದ್ದ ಬೇರೆ ಊರಿನ ಹೊಸ ಪೈಲಟ್ ಹುಡುಗಿಯೊಬ್ಬಳು ಕೊಂಡಳು. ಒಯ್ಯುವ ದಿನ ತಮ್ಮ ಶೆಡ್ಡಿಗೆ ಬರಲಿಲ್ಲ. ಅಕ್ಕ ಹೋದಳು. ಅವಳು ಹೊಲಿದ ಬಟ್ಟೆ ಗಾಳಿಗೆ ಬಿಗಿದು, ನೆಲ ಬಿಟ್ಟು, ಮರಗಳ ಮೇಲೆ ಹಾದು ಚುಕ್ಕಿಯಾಯಿತು. ಗ್ರೀಸಣ್ಣ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಜೇಬಿಗೆ ಹಾಕಿಕೊಂಡ.

ಮನೆಗೆ ಬಂದಾಗ ತಮ್ಮ ನಡುಮಧ್ಯಾಹ್ನವೇ ಹಾಸಿಗೆಯಲ್ಲಿದ್ದ.

"ಚೆನ್ನಾಗಿ ಎದ್ದಿತಾ?"

"ಹ್ಞೂಂ."

"ಎಡಕ್ಕೆ ಎಳೀತಾ?"

"ಇಲ್ಲಪ್ಪ, ನೆಟ್ಟಗೆ ಹೋಯ್ತು."

"ನನ್ನ ಕೈಲಿ ಯಾವಾಗ್ಲೂ ಎಳೀತಿತ್ತು," ಅಂದು ಕಣ್ಣು ಮುಚ್ಚಿದ.

ಅವಳು ಮಧ್ಯಾಹ್ನದ ಮಾತ್ರೆ ತಂದು ಅವನ ಅಂಗೈಯಲ್ಲಿಟ್ಟಳು. ಅವನು ಮುಷ್ಟಿ ಕಟ್ಟಿದ, ಬಾಯಿಗೆ ಒಯ್ಯಲಿಲ್ಲ.

"ಬೇಡ ಅಕ್ಕ, ಸಾಕು."

"ಹಾಗೆಲ್ಲ ಅನ್ಬಾರ್ದು, ತಗೋ."

ಮುಷ್ಟಿ ಬಿಚ್ಚಲಿಲ್ಲ. ಅವಳು ನೀರಿನ ಲೋಟ ಹಿಡಿದು ಮಂಚದ ಪಕ್ಕ ನಿಂತೇ ಇದ್ದಳು.