ಈ ಮನೆಯ ಓಟು

ತಿರುವನಂತಪುರದ ರಸ್ತೆ ಸುರಕ್ಷತೆಯ ಆಫೀಸಿನಲ್ಲಿ ನನಗೆ ಚಾಯ ಕೊಟ್ಟರು. ಬಿಸಿ ಉಂಟೋ ಆರಿದೆಯೋ ನಾಲಿಗೆಗೆ ಗೊತ್ತಾಗಲಿಲ್ಲ, ಸುಮ್ಮನೆ ಕುಡಿದೆ. ಕೃಪಾ ಹೋದ ಮೇಲೆ ಎಲ್ಲವೂ ಹಾಗೆಯೇ. ಅಳು ಬರುವುದಿಲ್ಲ. ಸಿಟ್ಟು ಬರುತ್ತದೆ, ಅದೂ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.

ನನಗಿದ್ದದ್ದು ಅವಳೊಬ್ಬಳೇ ಮಗಳು. ಏಲೂರಿನಲ್ಲಿ ನಮ್ಮ ಮನೆಯೆದುರಿನ ರಸ್ತೆ ದಾಟಿ ಆಲುವದ ಕಾಲೇಜಿಗೆ ಬಸ್ಸು ಹಿಡಿಯಬೇಕಿತ್ತು. ಫ್ಯಾಕ್ಟರಿ ಲಾರಿಗಳು ಓಡುವ ರಸ್ತೆ. ದಾಟಲಿಕ್ಕೆ ಒಂದು ಗೆರೆ ಇಲ್ಲ, ದೀಪ ಇಲ್ಲ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಲಾರಿ ಹೊಡೆಯಿತು. ಅವಳು ಮರೆತು ಹೋದ ಬುತ್ತಿ ಹಿಡಿದುಕೊಂಡು ನಾನು ಗೇಟಿನಲ್ಲಿ ನಿಂತಿದ್ದೆ.

ಅಲ್ಲಿ ಒಂದು ಸಿಗ್ನಲ್ ಆಗಬೇಕು. ನನಗೆ ಬೇರೆಂತದೂ ಬೇಡ. ಅದಕ್ಕೇ ರೈಲು ಹತ್ತಿ ಹೋದದ್ದು. ಅಧಿಕಾರಿ ಪಾಪ, ಒಳ್ಳೆಯವರೇ. ರಸ್ತೆ ಸುರಕ್ಷತೆಗೆ ಸರಕಾರದ ದುಡ್ಡು ಬಂದಿದೆ, ವಾರ್ಡಿಗೆ ಒಂದು ಜಾಗಕ್ಕೆ ಸಿಗುತ್ತದೆ, ಆದರೆ ಯಾವ ಜಾಗ ಅಂತ ನಿಮ್ಮ ವಾರ್ಡ್ ಸಭೆಯೇ ಹೇಳಬೇಕು ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದುಕೊಂಡು ರಾತ್ರಿಯ ರೈಲಿಗೆ ವಾಪಸಾದೆ.

ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ. ನಡೆಸಿದವರು ನಮ್ಮ ವಾರ್ಡಿನ ಕೌನ್ಸಿಲರ್ ವಿನ್ಸೆಂಟ್, ಕೃಪಾಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದವರೂ ಅವರೇ. ಎರಡು ಜಾಗ ಇತ್ತು. ಒಂದು ನಮ್ಮ ಮನೆಯೆದುರು, ಇನ್ನೊಂದು ಮಾರ್ಕೆಟಿನ ತಿರುವು. ನಮ್ಮ ಜಾಗಕ್ಕೆ ಕೈ ಎತ್ತಿ ಅಂದಾಗ ನಾನೂ ಎತ್ತಿದೆ. ವಿನ್ಸೆಂಟ್ ಎಣಿಸುತ್ತಾ ನನ್ನ ಹತ್ತಿರ ಬಂದು ನಿಂತರು.

"ಚಂದ್ರಾವತಿ ಚೇಚೀ," ಅಂತ ಅಕ್ಕನನ್ನು ಕರೆದ ಹಾಗೆ ಮಲಯಾಳದಲ್ಲಿ ಮೆಲ್ಲಗೆ ಹೇಳಿದರು, "ಇಲ್ಲಿಯ ಓಟರ್ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ."

ಇಲ್ಲ, ಹೌದು. ಇಷ್ಟು ವರ್ಷ ಇಲ್ಲಿದ್ದರೂ ನನ್ನದೂ ಗಂಡನದೂ ಓಟು ನಮ್ಮೂರು ಪುತ್ತೂರಿನಲ್ಲೇ. ಬ್ಯಾಂಕಿನವರು ಇಂದು ಇಲ್ಲಿ, ನಾಳೆ ಎಲ್ಲಿಯೋ, ಎಂದಾದರೂ ಊರಿಗೆ ವರ್ಗ ಆಗಿಯೇ ಆಗುತ್ತದೆ ಅಂತ ಇವರ ಹಟ. ಕೃಪಾ ಮಾತ್ರ ಹದಿನೆಂಟು ತುಂಬಿದ್ದೇ ತಡ, ಇಲ್ಲಿ ಹೆಸರು ಸೇರಿಸಿಕೊಂಡಿದ್ದಳು. ಇಲ್ಲಿ ನಿನಗೆಂತ ಅಜ್ಜನ ಗದ್ದೆ ಉಂಟಾ ಅಂತ ನಾನು ಬೈದಿದ್ದೆ. ನಾನು ಇಲ್ಲಿಯವಳೇ ಅಲ್ವಾ ಅಮ್ಮ ಅಂತ ಅವಳು ಮಲಯಾಳದಲ್ಲೇ ಹೇಳಿ ನಕ್ಕಿದ್ದಳು.

"ಈ ಮನೆಯ ಓಟು ಒಂದು ಉಂಟು," ಅಂದೆ. "ಅವಳಿಗೆ ಬರಲಿಕ್ಕಾಗುವುದಿಲ್ಲ."

ವಿನ್ಸೆಂಟ್ ಮುಂದಿನವರ ಕೈ ಎಣಿಸಲಿಕ್ಕೆ ಹೋದರು. ಕೈ ಇಳಿಸಿ ಅಂತ ಯಾರೂ ಹೇಳಲಿಲ್ಲ, ಲೆಕ್ಕಕ್ಕೆ ಹಿಡಿಯಲೂ ಇಲ್ಲ. ದುಡ್ಡು ಮಾರ್ಕೆಟಿನ ತಿರುವಿಗೆ ಹೋಯಿತು. ಅಲ್ಲಿಯೂ ಜನ ಸತ್ತಿದ್ದಾರೆ, ಅದಕ್ಕೆ ಕೈ ಎತ್ತಿದವರನ್ನು ಬೈದು ಪ್ರಯೋಜನ ಇಲ್ಲ. ಮನೆಗೆ ಬಂದು ಅಭ್ಯಾಸಬಲದಿಂದ ಮೂರು ಜನಕ್ಕೆ ಅಕ್ಕಿ ಹಾಕಿದೆ.

ಅದೇ ವಾರ ಇವರಿಗೆ ಪುತ್ತೂರಿಗೆ ವರ್ಗ ಆಯಿತು. ಕೇಳಿ ಕೇಳಿ ಸಾಕಾಗಿದ್ದ ವರ್ಗ. ಹೋಗುವ, ದಿನಾ ಬೆಳಗಾದರೆ ಆ ರಸ್ತೆ ನೋಡಿಕೊಂಡು ಹೇಗೆ ಬದುಕುವುದು ಅಂದರು. ನೀವು ಹೋಗಿ, ನಾನು ಬರುವುದಿಲ್ಲ, ಮುಂದಿನ ವರ್ಷವೂ ಸಭೆ ಉಂಟು ಅಂದೆ. ನಿನಗೆ ತಲೆ ಕೆಟ್ಟಿದೆ ಅಂದರು. ಕೆಟ್ಟಿರಬಹುದು, ಇಲ್ಲ ಅನ್ನಲಿಲ್ಲ ನಾನು.

ಓಟರ್ ಪಟ್ಟಿಯ ಕೆಲಸ ನೋಡುವ ಅಂಗನವಾಡಿಯ ಮೇರಿ ಟೀಚರನ್ನು ನಾನೇ ಮನೆಗೆ ಕರೆಸಿದೆ. ನನ್ನ ಹೆಸರು ಇಲ್ಲಿಗೆ ತರಬೇಕಿತ್ತು. ಅವರು ಬರುವಾಗ ಇನ್ನೊಂದು ಫಾರಮ್ಮನ್ನೂ ತಂದಿದ್ದರು, ಕೃಪಾಳ ಹೆಸರು ತೆಗೆಯುವುದಕ್ಕೆ. ಬೇಸರ ಮಾಡಬೇಡಿ, ಒಟ್ಟಿಗೇ ಮುಗಿಸಿಬಿಡುವ ಅಂದರು. ಇವರು ಎದ್ದು ಹೋಗಿ ಕಪಾಟಿನಿಂದ ಅವಳ ಮರಣ ಪ್ರಮಾಣಪತ್ರ ತಂದರು.

"ಮೊದಲು ನನ್ನದು ಸೇರಿಸಿ ಟೀಚರೇ," ಅಂದೆ. "ಅದು ಬಂದ ಮೇಲೆ ಅವಳದು ತೆಗೆಯಿರಿ. ನಡುವೆ ಈ ಮನೆ ಖಾಲಿ ಇರುವುದು ಬೇಡ."

ಟೀಚರ್ ಆ ಫಾರಮ್ಮನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಇವರು ಪ್ರಮಾಣಪತ್ರವನ್ನು ವಾಪಸು ಕಪಾಟಿನಲ್ಲಿಟ್ಟರು. ಮತ್ತೆ ನನ್ನ ಪಕ್ಕ ಬಂದು ಕೂತು, ಹೆಸರು ಸೇರಿಸುವ ಫಾರಂ ಇನ್ನೊಂದು ಉಂಟಾ ಅಂತ ಟೀಚರ ಹತ್ತಿರ ಕೇಳಿದರು.